ಆರು ವಾರದ ರಜೆ, ಆರು ಪುಸ್ತಕ, ಕೇಳಲು ಒಬ್ಬಳು ಅಕ್ಕ

ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸುಮಾರು ಆರು ವಾರ ಬೇಸಿಗೆ ರಜೆ. ಆ ದಿನಗಳಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಮಕ್ಕಳ ವಿಭಾಗದಲ್ಲಿ, ಮೇಜಿನ ಹಿಂದೆ ಹದಿನಾಲ್ಕು–ಹದಿನೈದರ ಹುಡುಗಿಯೋ ಹುಡುಗನೋ ಕೂತಿರುವುದು ಮಾಮೂಲು. ಎದುರಿಗೆ, ಓದಿ ಮುಗಿಸಿದ ಪುಸ್ತಕವನ್ನು ಎದೆಗವಚಿಕೊಂಡ ಆರೇಳು ವರ್ಷದ ಮಗು. ಇದರಲ್ಲಿ ನಿನಗೆ ಯಾರು ಇಷ್ಟವಾದರು ಎಂದು ಮೇಜಿನಾಚೆಯ ಅಕ್ಕ ಕೇಳುತ್ತಾಳೆ. ಮಗು ಪಟಪಟನೆ ಹೇಳುತ್ತದೆ, ಇಲ್ಲವೇ ನಾಚಿಕೊಂಡು ಒಂದು ಚಿತ್ರದ ಮೇಲೆ ಬೆರಳಿಟ್ಟು ಸುಮ್ಮನಾಗುತ್ತದೆ. ಹೇಗಿದ್ದರೂ ಸ್ಟಿಕ್ಕರ್ ಸಿಗುತ್ತದೆ.

ಇದರ ಹೆಸರು ‘ಸಮ್ಮರ್ ರೀಡಿಂಗ್ ಚಾಲೆಂಜ್’. ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳು ಉಚಿತವಾಗಿ ಹೆಸರು ಬರೆಸಿ, ರಜೆಯಲ್ಲಿ ಆರು ಪುಸ್ತಕ ಓದಬೇಕು. ಯಾವ ಪುಸ್ತಕ ಎನ್ನುವುದು ಅವರ ಇಷ್ಟ. ಕಾಮಿಕ್ಸ್ ಆಗುತ್ತದೆ, ನಗೆಹನಿ ಪುಸ್ತಕವೂ ಆಗುತ್ತದೆ. ಓದಿದಂತೆಲ್ಲ ಬಂದು ಸ್ಟಿಕ್ಕರ್ ಪಡೆಯುತ್ತಾರೆ, ಕೊನೆಗೆ ಪ್ರಮಾಣಪತ್ರ, ಪದಕ.

ರಜೆಯಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಸೆಳೆಯುವ ಯೋಚನೆಯ ಬೇರು ಹತ್ತೊಂಬತ್ತನೇ ಶತಮಾನದ ಕೊನೆಯ ಅಮೆರಿಕದಲ್ಲಿದೆ. ಕ್ಲೀವ್‌ಲ್ಯಾಂಡ್ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಲಿಂಡಾ ಈಸ್ಟ್‌ಮನ್ 1897ರಲ್ಲಿ ಮಕ್ಕಳದೇ ಒಂದು ಗ್ರಂಥಾಲಯ ಸಂಘ ಕಟ್ಟಿದರು. ಪುಸ್ತಕವನ್ನು ಶುಚಿಯಾದ ಕೈಯಲ್ಲಿ ಹಿಡಿಯಬೇಕು, ಜೋಪಾನ ಮಾಡಬೇಕು ಎಂಬುದು ಸದಸ್ಯರ ಕಟ್ಟುಪಾಡು. ಇದೇ ಈಸ್ಟ್‌ಮನ್ 1918ರಲ್ಲಿ ಆ ಗ್ರಂಥಾಲಯದ ಮುಖ್ಯಸ್ಥೆಯಾದರು. ರಜೆಯ ಓದಿನಿಂದ ನಿಜಕ್ಕೂ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲು ಬಹಳ ಕಾಲ ಬೇಕಾಯಿತು. ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅಟ್ಲಾಂಟಾ ನಗರದ ಮಕ್ಕಳ ಕಲಿಕೆಯ ಬೆನ್ನುಹತ್ತಿ 1978ರಲ್ಲಿ ಪುಸ್ತಕ ಪ್ರಕಟಿಸಿದರು. ಬಡವರ ಮನೆಯಿರಲಿ, ಉಳ್ಳವರ ಮನೆಯಿರಲಿ, ರಜೆಯಲ್ಲಿ ಆರು ಅಥವಾ ಹೆಚ್ಚು ಪುಸ್ತಕ ಓದಿದ ಮಕ್ಕಳು ಓದದವರಿಗಿಂತ ಮುಂದೆ ಹೋಗಿದ್ದರು.

ಬ್ರಿಟನ್ನಿನ ಚಾಲೆಂಜ್ ಶುರುವಾದದ್ದು 1999ರಲ್ಲಿ. ಈಗ ಅದನ್ನು ನಡೆಸುವುದು ‘ದಿ ರೀಡಿಂಗ್ ಏಜೆನ್ಸಿ’ ಎಂಬ ದತ್ತಿ ಸಂಸ್ಥೆ. ಪ್ರತಿ ವರ್ಷ ಒಂದೊಂದು ವಿಷಯ: 2016ರಲ್ಲಿ ರೋಆಲ್ಡ್ ಡಾಲ್ ಶತಮಾನೋತ್ಸವ, 2019ರಲ್ಲಿ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಐವತ್ತನೇ ವರ್ಷದ ನೆನಪಿಗೆ ಬಾಹ್ಯಾಕಾಶ. ಲಕ್ಷಾಂತರ ಮಕ್ಕಳು ಬರತೊಡಗಿದ ಮೇಲೆ ಒಬ್ಬೊಬ್ಬರ ಮಾತನ್ನೂ ಕೂತು ಕೇಳಲು ಸಿಬ್ಬಂದಿಗೆ ಪುರಸೊತ್ತೆಲ್ಲಿ? ಆ ಮೇಜಿಗೆ ಹದಿಹರೆಯದವರು ಬಂದರು. 2015ರಲ್ಲಿ ಏಜೆನ್ಸಿ 13ರಿಂದ 24 ವರ್ಷದವರಿಗಾಗಿಯೇ ‘ರೀಡಿಂಗ್ ಹ್ಯಾಕ್’ ಎಂಬ ಸ್ವಯಂಸೇವೆಯ ಕಾರ್ಯಕ್ರಮ ತಂದಿತು. ಯುವಜನರಿಗಾಗಿ 1956ರಿಂದ ನಡೆದುಬಂದಿರುವ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಗೆ ಬೇಕಾದ ಸ್ವಯಂಸೇವೆಯ ಲೆಕ್ಕಕ್ಕೂ ಈ ಕೆಲಸ ಸೇರುವುದರಿಂದ ಹೆಸರು ಕೊಡುವವರು ಹೆಚ್ಚಿದರು.

ಇದೇ ಕಾಲದಲ್ಲಿ ಅಲ್ಲಿನ ಸ್ಥಳೀಯ ಆಡಳಿತಗಳ ಅನುದಾನಕ್ಕೆ ಕತ್ತರಿ ಬಿತ್ತು. 2010ರ ನಂತರದ ಒಂದು ದಶಕದಲ್ಲಿ ಸುಮಾರು 800 ಗ್ರಂಥಾಲಯಗಳು ಮುಚ್ಚಿದವು. ಸಂಬಳದ ಗ್ರಂಥಪಾಲಕರನ್ನು ತೆಗೆದು ಆ ಜಾಗಕ್ಕೆ ಸ್ವಯಂಸೇವಕರನ್ನು ಕೂರಿಸುವುದನ್ನು ನಾನಂತೂ ಒಪ್ಪಲಾರೆ. ಯಾವ ಮಗುವಿಗೆ ಯಾವ ಪುಸ್ತಕ ಎಂದು ಬಲ್ಲವರು ಕಪಾಟಿನ ಪಕ್ಕ ಇರಲೇಬೇಕು. ಆದರೆ ಹದಿನೈದರ ಅಕ್ಕ ಮಾಡುವ ಕೆಲಸವೇ ಬೇರೆ. ಅವಳು ಅಂಕ ಕೊಡುವ ಟೀಚರಲ್ಲ, ಪಕ್ಕದ ಮನೆ ಮಗುವಿನೊಂದಿಗೆ ಹೋಲಿಸುವ ಅಮ್ಮನೂ ಅಲ್ಲ. ತಪ್ಪು ಉಚ್ಚಾರಣೆಯನ್ನು ತಿದ್ದುವ ಆತುರ ಅವಳಿಗಿಲ್ಲ. ತಾನು ಚಿಕ್ಕವಳಿದ್ದಾಗ ಅದೇ ಪುಸ್ತಕ ಓದಿದ್ದರೆ ಕಣ್ಣರಳಿಸಿ ಹೇಳುತ್ತಾಳೆ. ತನಗಿಂತ ತುಸುವೇ ದೊಡ್ಡವರು ಮೆಚ್ಚಿದ್ದನ್ನು ತಾನೂ ಮೆಚ್ಚಬೇಕೆಂಬ ಹಂಬಲ ಅನೇಕ ಮಕ್ಕಳಲ್ಲಿ ಇರುತ್ತದೆ. ಹಾಗೆ ಕೇಳುತ್ತ ಕೂತ ನಾಚಿಕೆ ಸ್ವಭಾವದ ಹುಡುಗ–ಹುಡುಗಿಯರಿಗೂ ಅಪರಿಚಿತರೊಂದಿಗೆ ಮಾತಾಡುವ ಧೈರ್ಯ ಬರುತ್ತದೆ.

ಇಂಥ ಮೇಜು ನಮ್ಮಲ್ಲೂ ಸಾಧ್ಯ. ಕರ್ನಾಟಕದಲ್ಲಿ 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಒಂದನೇ ತರಗತಿಯ ಮಗುವೂ ಪಿಯುಸಿ ಓದುವ ಅಕ್ಕನೂ ಈಗ ಒಂದೇ ಗ್ರಂಥಾಲಯದ ಸದಸ್ಯರು. ಅವರಿಬ್ಬರ ನಡುವೆ ಒಂದು ಮೇಜು ಹಾಕಲು, ಏಪ್ರಿಲ್–ಮೇ ರಜೆ ಸಾಕಷ್ಟು ಉದ್ದವಿದೆ.