ದುರ್ಯೋಧನನಿಗೆ ಒಡವೆ ಸಾಲ

ಮಾಗಡಿಯಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದಾಗ, ಹತ್ತಿರದ ಹಳ್ಳಿಯ ರೈತರೊಬ್ಬರು ಹೆಂಡತಿಯ ಎರಡೆಳೆ ಸರ ತಂದು ಕೌಂಟರಿನ ಮೇಲಿಟ್ಟರು. ಒಡವೆ ಸಾಲದ ಅರ್ಜಿಯಲ್ಲಿ 'ಕಾರಣ' ಬರೆಯಬೇಕಿತ್ತು. "ಬೋರ್‌ವೆಲ್ಲಾ, ಗೊಬ್ಬರಕ್ಕಾ ಯಜಮಾನ್ರೇ?" ಎಂದೆ. ಅವರು ಅತ್ತಿತ್ತ ನೋಡಿ, ಮೆಲ್ಲಗೆ "ದುರ್ಯೋಧನ ಸ್ವಾಮಿ" ಎಂದರು. ನಾನು 'ಮನೆ ಖರ್ಚು' ಎಂದು ಬರೆದುಬಿಟ್ಟೆ.

ಮಕ್ಕಳೇ, ನಿಮಗೆ ನಗು ಬರಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ತಾತಂದಿರನ್ನು ಕೇಳಿ ನೋಡಿ, ಅವರಿಗೆ ತಕ್ಷಣ ಅರ್ಥವಾಗುತ್ತದೆ. ಸಿನಿಮಾದಲ್ಲಿ ಪಾತ್ರ ಮಾಡಿದವರಿಗೆ ದುಡ್ಡು ಕೊಡುತ್ತಾರೆ. ನಮ್ಮ ಹಳ್ಳಿಗಳ 'ಕುರುಕ್ಷೇತ್ರ' ನಾಟಕದಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಡಬೇಕು! ಕೃಷ್ಣ, ದುರ್ಯೋಧನ, ಭೀಮ, ಕರ್ಣರಿಗೆ ಹೆಚ್ಚು. ವಿದುರ, ಸಂಜಯರಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಬರುವ ಕಲಾವಿದೆಯರ ಖರ್ಚು ಎಲ್ಲ ಅದರಲ್ಲೇ. ನೋಡುವವರಿಗೆ ಟಿಕೆಟ್ಟಿಲ್ಲ. ಚಾಪೆ, ಕಂಬಳಿ, ಒಂದಿಷ್ಟು ಕಡಲೆಪುರಿ ಇದ್ದರೆ ಬೆಳಗಿನವರೆಗೂ ನಾಟಕ.

ಇದಕ್ಕೂ ಮೊದಲು ಈ ಸೀಮೆಯಲ್ಲಿ ಇದ್ದದ್ದು ಮೂಡಲಪಾಯ ಯಕ್ಷಗಾನ. ಭಾಗವತರ ಪದ, ಮದ್ದಳೆ, ಮುಖವೀಣೆ, ಭುಜಕೀರ್ತಿ ತೊಟ್ಟ ರೈತರ ಕುಣಿತ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಅಂಥ ಕಂಪನಿಗಳ ನಾಟಕ ನೋಡಿ ಮರುಳಾದ ಹಳ್ಳಿಯವರು ಹಾರ್ಮೋನಿಯಂ ತಂದರು. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕಕ್ಕೆ ಹೋದರೆ ಹಳೆಯ ಕಲೆಗಳ ವೇಷ, ವಾದ್ಯ, ಗೊಂಬೆಗಳನ್ನು ನೋಡಬಹುದು. ಹಾರ್ಮೋನಿಯಂ ನಾಟಕ ನಿಜವಾದ ಜಾನಪದವಲ್ಲ ಎಂದು ಕೆಲವು ವಿದ್ವಾಂಸರು ಮೂಗು ಮುರಿಯುತ್ತಾರೆ. ಆ ಪೆಟ್ಟಿಗೆ ವಿಲಾಯಿತಿಯದು, ನಿಜ. ಮೆಣಸಿನಕಾಯಿಯೂ ಹೊರಗಿನಿಂದ ಬಂದದ್ದೇ. ಅದಿಲ್ಲದೆ ನಮ್ಮ ಉಪ್ಸಾರಿಗೆ ಖಾರ ಅರೆಯಲಾದೀತೇ?

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇಂಥದೊಂದು ಆಟವಿದೆ. ಮಾರ್ಷ್‌ಫೀಲ್ಡ್ ಎಂಬ ಊರಿನಲ್ಲಿ ಕ್ರಿಸ್‌ಮಸ್ ಮಾರನೆಯ ದಿನ ಊರಿನ ಗಂಡಸರು ಮೈತುಂಬ ಕಾಗದದ ಪಟ್ಟಿಗಳನ್ನು ತೊಟ್ಟು ಬೀದಿಯಲ್ಲಿ ಆಡುತ್ತಾರೆ. ಕಾಳಗದಲ್ಲಿ ಒಬ್ಬ ಸಾಯುತ್ತಾನೆ, ವೈದ್ಯನೊಬ್ಬ ಬಂದು ಬದುಕಿಸುತ್ತಾನೆ. ನಡುವೆ ನಿಂತೇಹೋಗಿದ್ದ ಆ ಆಟ 1930ರ ದಶಕದಲ್ಲಿ ಮತ್ತೆ ಶುರುವಾಯಿತು. ಹಿರಿಯರ ಬಾಯಲ್ಲಿ ಮಾತುಗಳು ಉಳಿದಿದ್ದವು, ಅದೇ ಆಧಾರ.

ನಮ್ಮಲ್ಲಿ ಆ ಬಾಯಿ ಎಂದರೆ ಮೇಷ್ಟ್ರು. ಒಡವೆ ಸಾಲದ ಆ ಊರಿನ ಮೇಷ್ಟ್ರಿಗೆ ಈಗ ನನ್ನಷ್ಟೇ ವಯಸ್ಸು. ಹಿಂದೆ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ರಾತ್ರಿ ಅಭ್ಯಾಸ ನಡೆಯುತ್ತಿತ್ತು. ಈಗ ಹುಡುಗರು ಬಿಡದಿಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸದವರು. ಅರ್ಜುನ ಬಂದ ದಿನ ಕೃಷ್ಣ ಇಲ್ಲ, ಕೃಷ್ಣ ಬಂದ ದಿನ ಅರ್ಜುನನಿಗೆ ರಾತ್ರಿ ಪಾಳಿ. ಇದೇ ಕಾರಣಕ್ಕೆ ಹೋದ ವರ್ಷ ನಾಟಕವೇ ಆಗಲಿಲ್ಲ. ದುಡ್ಡಿಗೆ ತೊಂದರೆಯಿಲ್ಲ, ಹೊತ್ತಿಗೇ ಬರ.

ಈ ವರ್ಷ ಮೇಷ್ಟ್ರು ಪದ್ಯಗಳನ್ನು ಹಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ಹುಡುಗರು ಫ್ಯಾಕ್ಟರಿ ಬಸ್ಸಿನಲ್ಲೇ ಕೇಳಿ ಕಲಿತರು. ಮೊದಲ ಅಭ್ಯಾಸದ ದಿನ ಕರ್ಣ ತಪ್ಪಿಲ್ಲದೆ ಹಾಡಿದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, "ಪದ್ಯ ಬಂತು ಕಣಪ್ಪ, ಉಸಿರು ಬರ್ಲಿಲ್ಲ. ಎಲ್ಲಿ ಉಸಿರು ತಗೋಬೇಕು ಅನ್ನೋದು ಫೋನಲ್ಲಿ ಬರಾಕಿಲ್ಲ. ಎದುರಿಗೆ ಕೂತ್ಕೋ" ಎಂದರು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ, ಬಂದವರು ಬಂದಷ್ಟು, ಅರಳಿಕಟ್ಟೆಯ ಮೇಲೆ ಕೂತರು.

ಜಾತ್ರೆಯ ರಾತ್ರಿ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಮೂರನೇ ತರಗತಿಯವನು, ದ್ರೌಪದಿಯ ಮಾನಭಂಗದ ಹೊತ್ತಿಗೆ ನಿದ್ದೆ ಹೋದ. ಗದಾಯುದ್ಧಕ್ಕೆ ಎಬ್ಬಿಸಿದೆ. ಅಂದು ಸರ ತಂದಿದ್ದ ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಮರುವರ್ಷವೇ ರೇಷ್ಮೆ ಗೂಡು ಮಾರಿ ಸರ ಬಿಡಿಸಿಕೊಂಡಿದ್ದರು ಅವರು. ಈಗ ದುರ್ಯೋಧನ ಅವರ ಮಗ. ಮಗ ತೊಡೆ ಮುರಿದು ಬಿದ್ದಾಗ ಜನ "ಒನ್ಸ್ ಮೋರ್" ಎಂದು ಕೂಗಿದರು. ಪಾಪ, ಎದ್ದು ಹಾಡಿ ಇನ್ನೊಮ್ಮೆ ಸತ್ತ.

ಬೆಳಗ್ಗೆ ಬಸ್ಸಿಗೆ ಕಾಯುತ್ತಿದ್ದೆವು. ಕಿವಿಯ ಹಿಂದೆ ಇನ್ನೂ ಬಣ್ಣ ಮೆತ್ತಿಕೊಂಡಿದ್ದ ಯುವಕನೊಬ್ಬ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಹೊರಟಿದ್ದ.

"ತಾತ, ರಾತ್ರಿ ಸತ್ತೋನು ಇವ್ನೇ ಅಲ್ವಾ?"

"ಹೂಂ ಕಣೋ. ಎರಡು ಸಲ."