ಯುದ್ಧಭೂಮಿಯಿಂದ ಮರಳಿದ ಪತಿ

ಸೈನ್ಯದಿಂದ ನಿವೃತ್ತನಾಗಿ ಬಂದ ಪತಿಯು ರಾತ್ರಿ ನಿದ್ರಿಸದೆ ಅಂಗಳದಲ್ಲಿ ತಿರುಗಾಡುವುದು, ಬಾಗಿಲ ಅಗುಳಿಯನ್ನು ಮತ್ತೆ ಮತ್ತೆ ನೋಡುವುದು, ಸಣ್ಣ ಕಾರಣಕ್ಕೂ ಮಕ್ಕಳ ಮೇಲೆ ರೇಗುವುದು ಮನೆಯವರಿಗೆ ಕ್ರಮೇಣ ರೂಢಿಯಾಗಿಬಿಡುತ್ತದೆ. “ಅವರ ಸ್ವಭಾವವೇ ಹಾಗೆ” ಎಂದು ಪತ್ನಿಯು ಸುಮ್ಮನಾಗುತ್ತಾಳೆ. ಎಷ್ಟೋ ವೇಳೆ ಇದು ಸ್ವಭಾವವಲ್ಲವೆಂದು ಮೊದಲು ಅರಿಯುವವನು ಹಳೆಯ ಸ್ನೇಹಿತ.

ಕೊಡಗಿನ ಒಂದು ಸಂಸಾರವನ್ನು ಊಹಿಸಿಕೊಳ್ಳಿರಿ. ಪತಿಯು 1999ರ ಕಾರ್ಗಿಲ್ ಯುದ್ಧದಲ್ಲಿ ಹೋರಾಡಿದವನು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಯನ್ನು ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಲ್ಲಿನ ವಾಡಿಕೆ. ಸೈನ್ಯಕ್ಕೆ ಸೇರುವ ಮುನ್ನ ಈ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಆತನು, ಈಗ ಅದು ಆರಂಭವಾಗುವ ಹೊತ್ತಿಗೆ ಏನಾದರೊಂದು ನೆಪ ಹೇಳಿ ತೋಟದತ್ತ ನಡೆದುಬಿಡುತ್ತಾನೆ. ಬಾಲ್ಯದ ಗೆಳೆಯನೊಬ್ಬನು ಹಿಂಬಾಲಿಸಿ ನೋಡಿದರೆ, ಆತನು ಮರದ ಬುಡದಲ್ಲಿ ಬೆವತು, ಕೈ ನಡುಗುತ್ತ ಕುಳಿತಿದ್ದಾನೆ. ಗೆಳೆಯನು ಏನನ್ನೂ ಕೇಳದೆ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಅಷ್ಟೇ ಸಾಕು. ಮಾತು ತಾನಾಗಿ ಬರುವುದು.

ಪ್ರಾಣಾಪಾಯವಿರುವಾಗ ಎದೆಬಡಿತವು ಹೆಚ್ಚಿ ದೇಹವೆಲ್ಲ ಎಚ್ಚರಗೊಳ್ಳುತ್ತದೆ. ರಣರಂಗದಲ್ಲಿ ಯೋಧನನ್ನು ಕಾಯುವುದೂ ಈ ಎಚ್ಚರವೇ. ಕೆಲವರಲ್ಲಿ ಯುದ್ಧ ಮುಗಿದು ವರ್ಷಗಳಾದರೂ ಅದು ಅಡಗುವುದಿಲ್ಲ. ಒಂದು ಸದ್ದು, ಒಂದು ವಾಸನೆ ಹಳೆಯ ದೃಶ್ಯವನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಇದನ್ನು ಹೇಡಿತನವೆಂದು ಬಗೆದು ಸೈನಿಕರನ್ನು ದಂಡಿಸಿದ್ದೂ ಉಂಟು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರದ ಈ ಸ್ಥಿತಿಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು.

ಇಂತಹ ಪತಿಯು ಪತ್ನಿಯ ಸಾಮೀಪ್ಯವನ್ನೂ ಒಲ್ಲದಿರಬಹುದು. ಅದನ್ನು ತಾತ್ಸಾರವೆಂದು ತಿಳಿಯಬೇಡಿರಿ. ನಿದ್ರೆಯಲ್ಲಿ ಆತನು ಚೀರಿದರೆ ಮೈಮುಟ್ಟಿ ಎಬ್ಬಿಸದೆ, ತುಸು ದೂರದಿಂದ ಮೆಲ್ಲನೆ ಕರೆಯಿರಿ. (ಪತಿಯ ಹೆಸರು ಹೇಳಲು ಸಂಕೋಚವಾದರೆ ಮಗುವಿನ ಹೆಸರು ಹಿಡಿದು ಕರೆದರೂ ಆದೀತು.) ರಮ್ ಕುಡಿದರೆ ನಿದ್ರೆ ಬರುವುದೆಂದು ಆತನು ಹೇಳಬಹುದು, ಆದರೆ ಆ ನಿದ್ರೆಯು ನಡುರಾತ್ರಿ ಮುರಿದು ತೊಂದರೆಯು ಇನ್ನಷ್ಟು ಹೆಚ್ಚುತ್ತದೆ. ಬದುಕು ಸಾಕೆಂಬ ಮಾತು ಬಂದರೆ ಹಗುರವಾಗಿ ಎಣಿಸದೆ, ಕೋವಿಯನ್ನೂ ಕ್ರಿಮಿನಾಶಕವನ್ನೂ ಆತನ ಕೈಗೆಟುಕದಂತೆ ಇರಿಸಿ, ಆತನನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಆಪ್ತ ಸಲಹೆಯಿಂದಲೂ ಔಷಧಿಯಿಂದಲೂ ಈ ರೋಗವು ಹತೋಟಿಗೆ ಬರುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಇದಕ್ಕೆ ಶುಲ್ಕವಿಲ್ಲ. ಪತ್ನಿಯು ಕರೆದರೆ ಬಾರದ ಪತಿಯು ಗೆಳೆಯನು ಕರೆದರೆ ಬರಬಹುದು. ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಆತನನ್ನೂ ಜೊತೆಗೆ ಕರೆದುಕೊಳ್ಳಿರಿ.