ಹಿಮನಾಡಿನ ಜೇನುಮನೆ

ಹೂವಿನಿಂದ ಹೂವಿಗೆ ಹಾರುವ ಜೇನುನೊಣವನ್ನು ಎಲ್ಲರೂ ಬಲ್ಲರು. ಹೂವೇ ಇಲ್ಲದ ಕಾಲದಲ್ಲಿ ಅದು ಹೇಗೆ ಬದುಕುತ್ತದೆಂದು ಯೋಚಿಸುವವರು ವಿರಳ. ಕೊಡಗು, ಮಲೆನಾಡುಗಳ ತುಡುವೆ ಜೇನಿಗೆ ಕಷ್ಟದ ದಿನಗಳೆಂದರೆ ಮಳೆಗಾಲ. ಕೆನಡಾ, ಪೋಲೆಂಡ್, ರಷ್ಯಾ ಮೊದಲಾದ ಶೀತದೇಶಗಳಲ್ಲಿ ಆ ಕಷ್ಟವನ್ನು ತರುವುದು ಚಳಿಗಾಲ. ಅಲ್ಲಿ ತಿಂಗಳುಗಟ್ಟಲೆ ನೆಲವು ಹಿಮದಡಿಯಲ್ಲಿ ಹುದುಗಿರುತ್ತದೆ. ಕೆನಡಾದ ಪ್ರೇರಿ ಬಯಲಿನಲ್ಲಿ ಉಷ್ಣತೆಯು ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದೂ ಉಂಟು. ಅಂತಹ ನಾಡಿನಲ್ಲಿ ಜೇನುಕುಟುಂಬದ ಅಳಿವು ಉಳಿವುಗಳು ಅದು ವಾಸಿಸುವ ಪೆಟ್ಟಿಗೆಯನ್ನು ಬಹುಮಟ್ಟಿಗೆ ಅವಲಂಬಿಸಿವೆ.

ಚಳಿ ಬಂದಾಗ ಜೇನುನೊಣಗಳು ದೀರ್ಘನಿದ್ರೆಗೆ ಜಾರುವುದಿಲ್ಲ. ಹೊರಗಿನ ತಂಪು ಏರಿದಂತೆ ಸಾವಿರಾರು ನೊಣಗಳು ರಾಣಿಯನ್ನು ನಡುವೆ ಇರಿಸಿಕೊಂಡು ಚೆಂಡಿನಂತೆ ಒತ್ತಾಗಿ ಕೂಡಿಕೊಳ್ಳುತ್ತವೆ. ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಮಾತ್ರ ನಡುಗಿಸಿ ಶಾಖವನ್ನು ಉತ್ಪಾದಿಸುತ್ತವೆ. ಮರಿಗಳಿರುವಾಗ ಈ ಗುಂಪಿನ ಮಧ್ಯಭಾಗದ ಉಷ್ಣತೆ ಸುಮಾರು 34 ಡಿಗ್ರಿಯಷ್ಟಿರುತ್ತದೆ. ಈ ಅಗ್ಗಿಷ್ಟಿಕೆಗೆ ಸೌದೆಯೆಂದರೆ ಬೇಸಗೆಯಲ್ಲಿ ಕೂಡಿಟ್ಟ ಜೇನು. ಉತ್ತರದ ನಾಡುಗಳಲ್ಲಿ ಒಂದು ಕುಟುಂಬಕ್ಕೆ ಚಳಿಗಾಲ ಕಳೆಯಲು 30 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಜೇನು ಬೇಕಾಗಬಹುದು. ಗೋಡೆಯ ಮೂಲಕ ಶಾಖವು ಸೋರಿಹೋದಷ್ಟೂ ಜೇನು ಬೇಗ ಕರಗುತ್ತದೆ. ವಸಂತ ಬರುವ ಮೊದಲೇ ಅದು ಮುಗಿದುಹೋದರೆ ಇಡೀ ಕುಟುಂಬವೇ ನಾಶವಾಗುತ್ತದೆ.

ಕಾಡಿನಲ್ಲಿ ಈ ಜೇನು ಮರದ ಪೊಟರೆಯನ್ನು ಆಶ್ರಯಿಸುತ್ತದೆ. ಅಲ್ಲಿನ ಗೋಡೆ ಬಹಳ ದಪ್ಪ, ಬಾಗಿಲು ಕಿರಿದು. ಪೋಲೆಂಡ್ ಮತ್ತು ಬೆಲಾರುಸ್‌ಗಳಲ್ಲಿ ಜೀವಂತ ಮರಗಳಲ್ಲೇ ಪೊಟರೆ ಕೊರೆದು ಜೇನು ಸಾಕುವ ಪ್ರಾಚೀನ ಪದ್ಧತಿ ಇದೆ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಆದರೆ ಪೊಟರೆಯಿಂದ ಜೇನನ್ನು ತೆಗೆಯುವಾಗ ಎರಿಗಳನ್ನು ಕತ್ತರಿಸಲೇಬೇಕು. ಈ ತೊಡಕನ್ನು ನಿವಾರಿಸಿದವನು ಅಮೆರಿಕದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್. ಆರರಿಂದ ಒಂಬತ್ತು ಮಿಲಿಮೀಟರಿನಷ್ಟು ತೆರವು ಬಿಟ್ಟರೆ ನೊಣಗಳು ಅದನ್ನು ಮೇಣದಿಂದಾಗಲಿ ಅಂಟಿನಿಂದಾಗಲಿ ಮುಚ್ಚದೆ ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆಂಬ ತತ್ತ್ವವನ್ನು ಅವನು 1851ರಲ್ಲಿ ಪೆಟ್ಟಿಗೆಯ ರಚನೆಗೆ ಅಳವಡಿಸಿದನು. ಎತ್ತಿ ಇಡಬಹುದಾದ ಚೌಕಟ್ಟುಗಳ ಅವನ ಪೆಟ್ಟಿಗೆಗೆ 1852ರಲ್ಲಿ ಹಕ್ಕುಪತ್ರ ದೊರೆಯಿತು. ಅನುಕೂಲವೇನೋ ಹೆಚ್ಚಿತು, ಗೋಡೆ ಮಾತ್ರ ತೆಳುವಾಯಿತು. ಅವನ ಹೆಸರಿನಿಂದ ಪ್ರಚಲಿತವಾದ ಪೆಟ್ಟಿಗೆಯ ಹಲಗೆ ಸಾಮಾನ್ಯವಾಗಿ 19 ಮಿಲಿಮೀಟರ್ ದಪ್ಪದ್ದು. ರಷ್ಯಾ, ಉಕ್ರೇನ್‌ಗಳಲ್ಲಿ ಇದರ ಇಮ್ಮಡಿ ದಪ್ಪದ ಹಲಗೆಗಳ ಪೆಟ್ಟಿಗೆಗಳೂ ಬಳಕೆಯಲ್ಲಿವೆ.

ಹಾಗಾದರೆ ಯಾವ ಮರವನ್ನು ಆರಿಸಬೇಕು? ಗಟ್ಟಿಯಾದ ಮರವೇ ಉತ್ತಮವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ವಾಸ್ತವದಲ್ಲಿ ಗಾಳಿಯ ಸೂಕ್ಷ್ಮ ಕೋಶಗಳಿಂದ ಕೂಡಿದ ಹಗುರವಾದ ಮರವೇ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಮೇಲಾಗಿ, ಜೇನು ತುಂಬಿದ ಒಂದು ದೊಡ್ಡ ಕೋಣೆಯನ್ನು ಎತ್ತಲು 35 ಕಿಲೋಗ್ರಾಮಿಗೂ ಮೀರಿದ ಭಾರವನ್ನು ಹೊರಬೇಕಾಗುತ್ತದೆ. ಅದಕ್ಕೆ ಮರದ ಭಾರವೂ ಸೇರುವುದು ಯಾರಿಗೂ ಬೇಡ. ಆದುದರಿಂದ ಉತ್ತರ ಅಮೆರಿಕದಲ್ಲಿ ಬಿಳಿ ಪೈನ್ ಮತ್ತು ಕೆಂಪು ಸೀಡರ್ ಮರಗಳಿಗೆ ಮನ್ನಣೆ ಹೆಚ್ಚು. ಪೈನ್ ಅಗ್ಗವಾದುದು, ಕೆಲಸಕ್ಕೆ ಸುಲಭವಾದುದು. ಆದರೆ ಬಣ್ಣವನ್ನೋ ಎಣ್ಣೆಯನ್ನೋ ಬಳಿಯದಿದ್ದರೆ ತೇವಕ್ಕೆ ಬೇಗ ಕೊಳೆಯುತ್ತದೆ. ಸೀಡರ್ ಮರದ ಚೇಗಿನಲ್ಲಿ ಕೊಳೆತವನ್ನು ತಡೆಯುವ ಸಹಜವಾದ ರಸಗಳಿವೆ. ಅದು ಬಿಸಿಲು ತೇವಗಳಿಗೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಬೆಲೆ ಹೆಚ್ಚು, ಮೈ ಮೆದು ಎಂಬುವು ಅದರ ಕೊರತೆಗಳು. ಯಾವುದೇ ಮರವಾದರೂ ಚೆನ್ನಾಗಿ ಒಣಗಿ ಹದಗೊಂಡಿರಬೇಕು. ಹಸಿಮರ ಒಣಗುತ್ತಾ ಬಂದಂತೆ ಬಿರುಕು ಬಿಡುತ್ತದೆ. ನೊಣಗಳ ಓಡಾಟಕ್ಕೆಂದು ಬಿಟ್ಟ ತೆರವಿನ ಅಳತೆಯೂ ಕೆಡುತ್ತದೆ.

ಪೆಟ್ಟಿಗೆಯ ಆಯುಷ್ಯವನ್ನು ನಿರ್ಧರಿಸುವ ಇನ್ನೊಂದು ಅಂಶ ಅದರ ಮೂಲೆಗಳು. ಮೂಲೆಯ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಜೋಡಣೆಯನ್ನು ಸಡಿಲಿಸುತ್ತದೆ. ಆದಕಾರಣ ಹಲಗೆಗಳ ತುದಿಗಳನ್ನು ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದರೊಳಗೊಂದು ಕೂಡಿಸಿ, ಅಂಟು ಹಾಕಿ, ತುಕ್ಕು ಹಿಡಿಯದ ಮೊಳೆಗಳಿಂದ ಬಿಗಿಯುತ್ತಾರೆ. ಹೊರಮೈಗೆ ಅಗಸೆ ಎಣ್ಣೆಯನ್ನೋ ಬಣ್ಣವನ್ನೋ ಬಳಿಯುತ್ತಾರೆ. ಒಳಮೈಯನ್ನು ಹಾಗೆಯೇ ಬಿಡುತ್ತಾರೆ. ಗಿಡಮರಗಳಿಂದ ತಂದ ಅಂಟನ್ನು ಬಳಿದು ಅದನ್ನು ನಯಗೊಳಿಸುವ ಕೆಲಸವನ್ನು ನೊಣಗಳೇ ಮಾಡಿಕೊಳ್ಳುತ್ತವೆ. ಕೀಟನಾಶಕ ಬೆರೆತ ದ್ರವಗಳನ್ನು ಮರಕ್ಕೆ ಉಣಿಸುವುದು ಮನೆಯನ್ನು ಉಳಿಸಿ ಮನೆಯವರನ್ನು ಕೊಂದಂತೆ.

ಚಳಿಗಿಂತಲೂ ಕ್ರೂರವಾದ ಶತ್ರುವೊಂದಿದೆ, ಅದು ತೇವ. ನೊಣದ ಮೈಯಲ್ಲಿ ಒಂದು ಕಿಲೋಗ್ರಾಂ ಜೇನು ವ್ಯಯವಾದಾಗ ಅದರ ಮೂರನೆಯ ಎರಡು ಭಾಗದಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. 30 ಕಿಲೋಗ್ರಾಂ ಜೇನಿನಿಂದ ಬರುವ ನೀರು ಸುಮಾರು 20 ಲೀಟರ್. ಒಂದು ದೊಡ್ಡ ಕೊಡ ತುಂಬುವಷ್ಟು! ತಣ್ಣನೆಯ ಮುಚ್ಚಳಕ್ಕೆ ತಾಗಿದ ಆವಿ ಹನಿಗೂಡಿ ನೊಣಗಳ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆಯಾದ ನೊಣ ಚಳಿಯನ್ನು ತಾಳಲಾರದು. ಇದನ್ನರಿತ ಜೇನುಸಾಕಣೆಗಾರರು ಮುಚ್ಚಳದ ಕೆಳಗೆ ಮರದ ಹೊಟ್ಟು ತುಂಬಿದ ಪದರವನ್ನಿಡುತ್ತಾರೆ; ಆವಿ ಹೊರಹೋಗಲು ಮೇಲ್ಭಾಗದಲ್ಲಿ ಕಿರುದ್ವಾರವನ್ನು ಬಿಡುತ್ತಾರೆ; ನೀರು ಹರಿದುಹೋಗುವಂತೆ ಪೆಟ್ಟಿಗೆಯನ್ನು ತುಸು ಮುಂದಕ್ಕೆ ಬಾಗಿಸುತ್ತಾರೆ.

ಇಷ್ಟೆಲ್ಲ ಶ್ರಮ ಅಗತ್ಯವೇ ಎಂದು ಕೇಳಬಹುದು. ಪ್ರೇರಿ ಬಯಲಿನ ಅನೇಕ ಸಾಕಣೆಗಾರರು ಹಿಂದೆ ಹಾಗೆಯೇ ಭಾವಿಸಿದ್ದರು. ಶರತ್ಕಾಲದಲ್ಲಿ ಜೇನನ್ನೆಲ್ಲ ತೆಗೆದುಕೊಂಡು ಕುಟುಂಬಗಳನ್ನು ಕೊಂದುಬಿಡುತ್ತಿದ್ದರು. ವಸಂತದಲ್ಲಿ ಅಮೆರಿಕದ ಬೆಚ್ಚನೆಯ ಪ್ರದೇಶಗಳಿಂದ ಹೊಸ ನೊಣಗಳನ್ನು ಕೊಂಡು ತರುತ್ತಿದ್ದರು. ಜೇನಿನ ಪರೋಪಜೀವಿ ನುಸಿಗಳು ಅಮೆರಿಕದಲ್ಲಿ ಹರಡಿದಾಗ, 1987ರಲ್ಲಿ ಕೆನಡಾ ಆ ಆಮದನ್ನು ತಡೆಯಿತು. ಆಗ ನೊಣಗಳನ್ನು ಚಳಿಗಾಲದಾಚೆಗೆ ದಾಟಿಸುವ ವಿದ್ಯೆಯನ್ನು ಎಲ್ಲರೂ ಕಲಿಯಬೇಕಾಯಿತು. ಕೆಲವರು ನಾಲ್ಕು ಪೆಟ್ಟಿಗೆಗಳನ್ನು ಒತ್ತಿಗೆ ನಿಲ್ಲಿಸಿ ಒಂದೇ ಹೊದಿಕೆಯಿಂದ ಸುತ್ತಿದರು. ಇನ್ನು ಕೆಲವರು ಸುಮಾರು ಐದು ಡಿಗ್ರಿ ಉಷ್ಣತೆಯ ಕತ್ತಲೆ ಕೋಣೆಗಳಲ್ಲಿ ಅವುಗಳನ್ನು ಇರಿಸಿದರು. ಕೊಲ್ಲುವುದು ಸುಲಭವಾಗಿದ್ದಾಗ ಯಾರೂ ಅರಸದಿದ್ದ ಉಪಾಯಗಳು ಕಾಪಾಡಲೇಬೇಕಾದಾಗ ಒಂದೊಂದಾಗಿ ತೋರಿಬಂದವು.

ಬೇಸಗೆಯಲ್ಲಿ ಹುಟ್ಟಿದ ಕೆಲಸಗಾರ ನೊಣದ ಆಯುಷ್ಯ ಸುಮಾರು ಆರು ವಾರ. ಚಳಿಗಾಲದ ನೊಣವಾದರೋ ಆರು ತಿಂಗಳವರೆಗೂ ಬದುಕಿ, ಮುಂದಿನ ಪೀಳಿಗೆಗಾಗಿ ಗೂಡಿನ ಬಿಸಿಯನ್ನು ಕಾಯುತ್ತದೆ. ಅದರ ಜೇನನ್ನು ಉಣ್ಣುವ ಮನುಷ್ಯನು ಅದಕ್ಕೆ ಹಿಂದಿರುಗಿಸಬಹುದಾದುದು ಹೆಚ್ಚೇನೂ ಇಲ್ಲ: ಸಾಕಷ್ಟು ಆಹಾರವನ್ನು ಬಿಡುವುದು ಮತ್ತು ಒಣಗಿದ, ಬಿಗಿಯಾದ, ಬೆಚ್ಚನೆಯ ಮನೆಯೊಂದನ್ನು ಕಟ್ಟಿಕೊಡುವುದು.